ಎಂಟು ತೋರಿಸಿದ ದಾಳ

ನನ್ನಂಥವನು ಆತ್ಮಕಥೆ ಹೇಳಲು ಹೊರಟಿದ್ದೇ ದೊಡ್ಡ ಮಾತು. ದಯವಿಟ್ಟು ಮನ್ನಿಸಬೇಕು. ನಾನು ಹತ್ತಾರು ಸಾಲಿನ ಒಂದು ಪುಟ್ಟ ಪ್ರೋಗ್ರಾಂ. ಕೀಲಿ ಒತ್ತಿದರೆ ದಾಳ ಉರುಳಿಸಿದಂತೆ ಒಂದು ಅಂಕಿ ತೋರಿಸುತ್ತೇನೆ, ಅಷ್ಟೇ. ತಪ್ಪು ಹೇಳಿಬಿಟ್ಟೇನೋ ಎಂಬ ಅಳುಕು ಈಗಲೂ ಇದೆ. ಹುಟ್ಟುವಾಗಲೇ ತಪ್ಪಿದವನು ನಾನು.

ನಾನು ಹುಟ್ಟಿದ್ದು ಗದಗಿನ ಒಂದು ಸಂಜೆ ತರಗತಿಯಲ್ಲಿ. ನನ್ನನ್ನು ಬರೆದವಳು ಇಂದುಮತಿ ಹೂಗಾರ. ಹಗಲೆಲ್ಲ ಹೂವಿನ ಅಂಗಡಿಯಲ್ಲಿ ಮಾಲೆ ಕಟ್ಟಿ, ಸಂಜೆ ಕಂಪ್ಯೂಟರ್ ಕಲಿಯಲು ಬರುತ್ತಿದ್ದಳು. ಅವಳ ಬೆರಳುಗಳಿಗೆ ಮಲ್ಲಿಗೆಯ ವಾಸನೆಯಿತ್ತಂತೆ. ನನಗೆ ಗೊತ್ತಾಗಿದ್ದು ಅವು ಕೀಲಿಗಳ ಮೇಲೆ ಎಷ್ಟು ಜೋಪಾನವಾಗಿ ಇಳಿಯುತ್ತಿದ್ದವು ಎಂಬುದು ಮಾತ್ರ. ಹೂವು ಹೆಚ್ಚು ಮಾರುವುದೇ ಸಂಜೆ. ಅದಕ್ಕೆ ಅತ್ತೆ ನೀಲವ್ವ ಒಂದೇ ಮಾತು ಹೇಳಿದ್ದಳು: ಈ ಪರೀಕ್ಷೆ ಪಾಸಾದರೆ ಮುಂದಿನ ಕ್ಲಾಸಿಗೆ ಹೋಗು, ಇಲ್ಲದಿದ್ದರೆ ಸಂಜೆಯೂ ಅಂಗಡಿಯಲ್ಲೇ ಕೂರು.

ಪರೀಕ್ಷೆಯೆಂದರೆ ನಾನೇ. ಯಾರ ನೆರವೂ ಇಲ್ಲದೆ ದಾಳದ ಪ್ರೋಗ್ರಾಂ ಬರೆಯಬೇಕಿತ್ತು.

ಬರೆದಳು. ಓಡಿಸಿ ನೋಡಿದಾಗ ನಾನು ಒಮ್ಮೊಮ್ಮೆ ಸೊನ್ನೆ ತೋರಿಸಿದೆ. ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ಇಂದುಮತಿ ಮಾತ್ರ ಇದು ಸಹಜವೆಂದು ತಲೆಯಾಡಿಸಿ, ಸೊನ್ನೆ ಬಂದರೆ ಎಂಟು ಎಂದು ತೋರಿಸು ಅಂತ ಇನ್ನೊಂದು ಸಾಲು ಸೇರಿಸಿದಳು.

ಕಲಿಸುವ ತೋಂಟೇಶ ಸರ್ ಬಂದು ಕೀಲಿ ಒತ್ತಿದರು. ಮೂರು ಬಂತು. ಮತ್ತೆ ಒತ್ತಿದರು. ಎಂಟು.

ಪಕ್ಕದಲ್ಲಿ ಕೂತಿದ್ದ ರಫೀಕ ಬಗ್ಗಿ ನೋಡಿದ. "ಅಕ್ಕಾರ, ಈ ದಾಳಾ ಯಾವ ಸಂತ್ಯಾಗ ತಂದ್ರಿ? ನಮ್ಮೂರಾಗ ಆರಕ್ಕ ಮುಗಿತೈತಿ."

ಎಲ್ಲರೂ ನಕ್ಕರು. ಇಂದುಮತಿಯ ಕೈ ಕೀಲಿಗಳನ್ನು ಬಿಟ್ಟು ಚೀಲದ ಕಡೆ ಹೋಯಿತು. ನನಗೆ ಮುಖವಿದ್ದರೆ ಮುಚ್ಚಿಕೊಳ್ಳುತ್ತಿದ್ದೆ.

ಸರ್ ನಗಲಿಲ್ಲ. "ಸೊನ್ನಿಗೆ ಎಂಟು ಅಂತ ಯಾರು ಹೇಳಿದ್ರು?" ಎಂದು ಕೇಳಿದರು.

"ಚೌಕಾಬಾರದಾಗ ನಾಕೂ ಕವಡಿ ಬಾಯಿ ಕೆಳಗಾಗಿ ಬಿದ್ರ ಎಂಟಲ್ರಿ ಸರ್? ಒಂದೂ ಬಾಯಿ ಕಾಣಂಗಿಲ್ಲ, ಆದರ ಅದ ದೊಡ್ಡ ಗರ."

ಅವಳು ಆಡಿ ಬೆಳೆದದ್ದು ಕವಡೆಯಲ್ಲಿ. ದಾಳವನ್ನು ಕೈಯಲ್ಲಿ ಹಿಡಿದವಳೇ ಅಲ್ಲ.

ಸರ್ ನನ್ನ ಸಾಲುಗಳನ್ನು ಮೇಲಿಂದ ಕೆಳಗೆ ಓದಿದರು. ಹೀಗಾದರೆ ಹಾಗೆ ಮಾಡು ಎಂದು ಬರೆಯುವುದನ್ನು ಇನ್ನೂ ಕಲಿಸಿಯೇ ಇರಲಿಲ್ಲ. ಅವಳು ಪುಸ್ತಕದ ಮುಂದಿನ ಪಾಠ ಓದಿ ತಾನೇ ಹುಡುಕಿಕೊಂಡಿದ್ದಳು. ಅದನ್ನವರು ತರಗತಿಗೆಲ್ಲ ಕೇಳುವಂತೆ ಹೇಳಿದರು. ಆಮೇಲೆ, "ಎಂಟು ಬಂತು, ಖರೆ. ಆರು ಎಲ್ಲಿ ಹೋತು? ನೀವ ಹುಡುಕ್ರಿ," ಎಂದರು.

ಇಂದುಮತಿ ಬೆರಳು ಮಡಿಸುತ್ತ ಎಣಿಸಿದಳು. ಸೊನ್ನೆಯಿಂದ ಐದರವರೆಗೆ, ಅದೂ ಆರೇ ಅಂಕಿ. ಎಂಟರ ಸಾಲನ್ನು ಅಳಿಸಿ, ಬಂದ ಅಂಕಿಗೆ ಒಂದು ಕೂಡಿಸು ಎಂದು ಬರೆದಳು. ಒತ್ತಿದಳು: ಎರಡು. ಒತ್ತಿದಳು: ಐದು. ಒತ್ತುತ್ತಲೇ ಹೋದಳು. ಆರು ಕೊಡಬೇಕೆಂದು ನನಗೆಷ್ಟು ಆಸೆಯಿದ್ದರೂ ಅದು ನನ್ನ ಕೈಯಲ್ಲಿರಲಿಲ್ಲ. ಕೊನೆಗೆ ಆರು ಬಂತು.

"ನಾಳಿಂದ ಮ್ಯಾಲಿನ ಕ್ಲಾಸಿಗೆ ಹೋಗ್ರಿ," ಎಂದರು ಸರ್.

"ನಮ್ಮ ಅತ್ತಿಯವ್ರಿಗೆ ಒಂದು ಫೋನ್ ಮಾಡ್ಲೇನ್ರಿ?" ಎಂದಳು ಅವಳು.

ಆಮೇಲೆ ನಾನು ಬಹಳ ಕೈ ಕಂಡೆ. ಹೊಸದಾಗಿ ಸೇರಿದವರೆಲ್ಲ ನನ್ನನ್ನೇ ನೋಡಿ ಕಲಿತರು. ಒಬ್ಬರು ಚುಕ್ಕೆ ಬಿಡಿಸಿದರು, ಇನ್ನೊಬ್ಬರು ಜೋಡಿ ದಾಳ ಮಾಡಿದರು. ತಪ್ಪಿಗೆ ನಗುವವರು ಬಹಳ ಮಂದಿ ಸಿಕ್ಕರು. ತಪ್ಪನ್ನು ಅವಳಷ್ಟು ತಾಳ್ಮೆಯಿಂದ ಎಣಿಸಿ ನೋಡಿದವರು ಕಡಿಮೆ. ಈಗ ನಾನಿರುವ ಕಂಪ್ಯೂಟರು ಹಳತಾಗಿ, ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದೆ.

ಮೇಲಿನ ಕ್ಲಾಸು ಮಹಡಿಯ ಮೇಲೆ. ಇಂದುಮತಿ ಮೆಟ್ಟಿಲು ಹತ್ತಿ ಹೋದಳು. ಅಲ್ಲಿ ಅವಳು ಏನೇನು ಬರೆದಳೋ, ನನಗೆ ಗೊತ್ತಿಲ್ಲ.