ವಗ್ದಿಯ ಬೆರಳು ಸರಿದದ್ದು

ಕಾಯಿಸಿದ ಅಂಟಿನ ವಾಸನೆ ಬಂದರೆ ನನಗೆ ಈಗಲೂ ಅಪ್ಪ ಬಂದಂತಾಗುತ್ತದೆ. ಅಮ್ಮನ ಕಾಫಿ ಪಾತ್ರೆಯನ್ನು ಕದ್ದು, ಸೀಮೆಎಣ್ಣೆ ಸ್ಟವ್ ಮೇಲೆ ಚರ್ಮದ ಅಂಟು ಕರಗಿಸಿ, ತಮ್ಮ ತಂತಿವಾದ್ಯ ಊದ್‌ನ ಬಿರುಕು ಬಿಟ್ಟ ಹೊಟ್ಟೆಗೆ ಹಚ್ಚುತ್ತಿದ್ದರು. ಮನೆಯೆಲ್ಲ ಸುಟ್ಟ ಗೊರಸಿನ ನಾತ. ಅಮ್ಮ ಬಯ್ಯುತ್ತಲೇ ಕಿಟಕಿ ತೆರೆಯುತ್ತಿದ್ದಳು. ಆಮೇಲೆ ಸಮುದ್ರದ ಗಾಳಿಗೆ ಸ್ಟವ್ ಆರದಂತೆ ತಾನೇ ಅಡ್ಡ ನಿಲ್ಲುತ್ತಿದ್ದಳು.

ಆ ಊದ್ ನನ್ನ ತಮ್ಮ ವಗ್ದಿಗೆ ಬಂತು. ಅವನು ಅಲೆಕ್ಸಾಂಡ್ರಿಯಾದ ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಮುದ್ರೆ ಒತ್ತಿದವನು. ಸಂಗೀತ ಅವನ ಹೊಟ್ಟೆಪಾಡಲ್ಲ. ನನ್ನ ಮೇಲಿನ ಮಹಡಿಯಲ್ಲೇ ಇದ್ದ. ಬೆಳಗ್ಗೆ ನಾನು ಬಟ್ಟೆ ಒಣಹಾಕುವಾಗ ನುಡಿಸುವುದು ಕೇಳುತ್ತಿತ್ತು. ಕೆಳಗೆ ಬೀದಿಯಲ್ಲಿ ಟುಕ್‌ಟುಕ್ ಆಟೊವೊಂದು ಹೊಸ ಹಾಡು ಅರಚಿಕೊಂಡು ಹೋದರೆ ಅದರ ತಾಳ ಹಿಡಿದು ಎರಡು ಸುತ್ತು ನುಡಿಸಿಬಿಡುತ್ತಿದ್ದ.

"ತಾಳ ಚೆನ್ನಾಗಿದೆ ಕಣಕ್ಕಾ. ಆದ್ರೆ ಈ ಹುಡುಗ್ರು ಮೆಷಿನ್ನಲ್ಲಿ ದನಿಗೆ ಇಸ್ತ್ರಿ ಹಾಕಿಸ್ತಾರೆ. ಸುಕ್ಕಲ್ಲೇ ಅಲ್ವಾ ಹಾಡು ಇರೋದು?"

ತನ್ನ ಮೊಮ್ಮಗಳು ರವಾನ್‌ಳ ನಿಶ್ಚಿತಾರ್ಥಕ್ಕೆಂದು ಮೂರು ತಿಂಗಳು ಕೂತು ಒಂದು ಹಾಡು ಕಟ್ಟಿದ. ಬಯಾತಿ ರಾಗ. ಅದರ ಎರಡನೆಯ ಸ್ವರ ಎರಡು ಸ್ವರಗಳ ಸಂದಿಯಲ್ಲಿ ಇರುತ್ತದೆ. ಊದ್‌ಗೆ ಮೆಟ್ಟುಗಳಿಲ್ಲ, ಬೆರಳಿಗೇ ಆ ಜಾಗ ತಿಳಿದಿರಬೇಕು. ಕೀಬೋರ್ಡಿನಲ್ಲಾದರೆ ಮೊದಲೇ ಗುಂಡಿ ಒತ್ತಿ ಆ ಸ್ವರವನ್ನು ಇಳಿಸಿಕೊಳ್ಳಬೇಕು. ನಮ್ಮಲ್ಲಿ ಮದುವೆಗೆ ನುಡಿಸುವವರು ಎಲ್ಲಕ್ಕಿಂತ ಮೊದಲು ಮಾಡುವ ಕೆಲಸ ಅದು.

ವಗ್ದಿಯ ಬಲಗಿವಿಗೆ ಕೇಳುವ ಯಂತ್ರ ಬಂದು ವರ್ಷವಾಗಿತ್ತು. "ಕಿವಿ ಪೂರ್ತಿ ಹೋಗೋದ್ರೊಳಗೆ ಒಂದೇ ಒಂದ್ಸಲ ಅವಳ ಮುಂದೆ ಸರಿಯಾಗಿ ನುಡಿಸ್ಬಿಟ್ರೆ ಸಾಕು," ಎನ್ನುತ್ತಿದ್ದ.

ನಿಶ್ಚಿತಾರ್ಥದ ದಿನ ಕೀಬೋರ್ಡಿಗೆ ಬಂದವನು ಝೀಕಾ. ಅವನ ವಿಡಿಯೊಗಳನ್ನು ಲಕ್ಷಾಂತರ ಜನ ನೋಡುತ್ತಾರಂತೆ.

"ಯಾವ ರಾಗ, ಹಾಜಿ?" ಎಂದ, ಫೋನಿನಿಂದ ಕಣ್ಣೆತ್ತದೆ.

"ಬಯಾತಿ, ಮಗನೇ."

"ಸರಿ ಸರಿ, ಶುರು ಹಚ್ಕೋ. ನಾನು ಹಿಂದೆ ಬರ್ತೀನಿ."

ಅವನು ಆ ಗುಂಡಿ ಒತ್ತಲಿಲ್ಲ. ನಾನು ಕಾಲೇಜಿನಲ್ಲಿ ಸಂಗೀತ ಓದಿ, ಶಾಲೆಯಲ್ಲಿ ಅದನ್ನೇ ಹೇಳಿಕೊಟ್ಟವಳು. ಮೊದಲ ಸಾಲಿಗೇ ತಿಳಿಯಿತು. ವಗ್ದಿಯದು ಸರಿ, ಕೀಬೋರ್ಡಿನದು ತಪ್ಪು. ಆದರೆ ಕೀಬೋರ್ಡು ನಾಲ್ಕು ಸ್ಪೀಕರ್‌ಗಳಲ್ಲಿ ಮೊಳಗುತ್ತಿತ್ತು. ಜನಕ್ಕೆ ಜೋರಾಗಿದ್ದದ್ದೇ ಸರಿ.

"ಅಜ್ಜಾ, ಬ್ಯಾಟರಿ ಮುಗೀತಾ?" ಎಂದು ಗಂಡಿನ ಕಡೆಯವನೊಬ್ಬ ಕೂಗಿದ.

"ಬ್ಯಾಟರಿ ಅಲ್ವೋ, ವಾರಂಟಿನೇ ಮುಗಿದಿದೆ!" ಎಂದ ಇನ್ನೊಬ್ಬ.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎದ್ದು ಒಂದು ಮಾತು ಹೇಳಬಹುದಿತ್ತು. ಪಕ್ಕದಲ್ಲೇ ಗಂಡಿನ ತಾಯಿ ಕೂತು ನಗುತ್ತಿದ್ದಳು, ನನ್ನ ಕಡೆಗೂ ತಿರುಗಿದಳು. ಬೀಗರ ಮುಂದೆ ರಂಪ ಏಕೆಂದು ನಾನೂ ಸ್ವಲ್ಪ ನಕ್ಕೆ.

ವಗ್ದಿ ತಲೆಯೆತ್ತಿ ಸಭೆಯತ್ತ ನೋಡಿದ. ಆಮೇಲೆ ಬೆರಳನ್ನು ತುಸು ಸರಿಸಿದ. ಕೀಬೋರ್ಡಿಗೆ ಸೇರಲಿಲ್ಲ. ಮತ್ತೆ ಸರಿಸಿದ. ಈಗ ಅದು ನಿಜವಾಗಿಯೂ ಅಪಸ್ವರ.

"ಶ್ರುತೀನ ಅಂಚೆಗೆ ಹಾಕಿದ್ರಾ ಹಾಜಿ? ಇನ್ನೂ ಬಂದು ಸೇರಿಲ್ಲ!" ಎಂದ ಝೀಕಾ.

ರವಾನ್ ಮೈಕಿಗೆ ಬಾಗಿದಳು. "ಸಾಕು ಅಜ್ಜ, ಕೂತ್ಕೋ."

ಅವನು ವೇದಿಕೆಯಿಂದ ಇಳಿಯುವಾಗ, ಹೂ ಕಟ್ಟಲು ಬಂದಿದ್ದ ಹೆಂಗಸೊಬ್ಬಳು ಊದ್‌ನ ಕತ್ತು ಕಂಬಕ್ಕೆ ತಾಗದಂತೆ ತನ್ನ ಅಂಗೈ ಅಡ್ಡ ಹಿಡಿದಳು. ಅಷ್ಟು ಜನರಲ್ಲಿ ಅವಳೊಬ್ಬಳೇ.

ಮರುದಿನವೇ ವಿಡಿಯೊ ಎಲ್ಲರ ಫೋನಿನಲ್ಲಿತ್ತು. ಯಾರೋ ಅದಕ್ಕೆ ನಾಯಿ ಊಳಿಡುವುದನ್ನು ಸೇರಿಸಿದ್ದರು. ಎರಡು ದಿನ ಬಿಟ್ಟು ಇನ್ಯಾರೋ ಆ ಅಪಸ್ವರವನ್ನೇ ತಾಳಕ್ಕೆ ಕೂರಿಸಿದರು, ಟುಕ್‌ಟುಕ್‌ನವರು ಅದನ್ನು ಹಾಕಿಕೊಂಡು ನಮ್ಮ ಬೀದಿಯಲ್ಲೇ ಓಡಾಡಿದರು. ಹಾಳಾದ್ದು, ತಾಳ ಚೆನ್ನಾಗಿತ್ತು.

ರವಾನ್ ಫೋನ್ ಮಾಡಿದ್ದಳಂತೆ. "ಅಜ್ಜ, ನೀನು ಫೇಮಸ್ಸು! ಮದುವೇಲೂ ನುಡಿಸ್ಬೇಕಂತೆ, ಝೀಕಾನೇ ಹೇಳ್ದ. ಆದ್ರೆ ಹಾಗೇ ನುಡಿಸ್ಬೇಕು, ಸರಿ ಮಾಡ್ಕೋಬೇಡ ಮತ್ತೆ."

ಐದನೆಯ ದಿನ ಮಹಡಿ ಹತ್ತಿದೆ. ತಂತಿಗಳನ್ನೆಲ್ಲ ಬಿಚ್ಚಿ, ಸುರುಳಿ ಸುತ್ತಿ ಮೇಜಿನ ಮೇಲಿಟ್ಟಿದ್ದ.

"ಕಿವಿ ಹೋಯ್ತು ಕಣಕ್ಕಾ," ಎಂದ.

"ಹೋಗಿಲ್ಲ ಕಣೋ. ಅವನು ಗುಂಡಿ ಒತ್ತಿರ್ಲಿಲ್ಲ. ನಿನ್ನ ಸ್ವರ ಸರಿಯಾಗೇ ಇತ್ತು."

ಅವನು ತಂತಿಯ ಒಂದು ಸುರುಳಿಯನ್ನು ಕೈಗೆತ್ತಿಕೊಂಡ.

"ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲ ಸಾಲಿಗೇ."

"ಆಗ ನನ್ನ ಬೆರಳು ಜಾಗದಲ್ಲೇ ಇತ್ತಾ?"

"ಇತ್ತು."

"ನನ್ನ ಕಿವೀನ ನಾನು ನಂಬ್ಲಿಲ್ಲ, ಅದಕ್ಕೇ ನಿನ್ನ ಮುಖ ನೋಡ್ದೆ ಅಕ್ಕಾ. ನೀನು ನಗ್ತಾ ಇದ್ದೆ. ಆಮೇಲೆ ತಾನೇ ಬೆರಳು ಸರಿಸಿದ್ದು."

ಅವನು ಎದ್ದು ಅಡುಗೆಮನೆಗೆ ಹೋದ. ಪಾತ್ರೆಯ ಸದ್ದಾಯಿತು. ಕೆಂಪಗೆ ಹುರಿದ ಈರುಳ್ಳಿಯ ಅನ್ನ, ಮೇಲೊಂದು ಮೀನು ತಟ್ಟೆಗೆ ಹಾಕಿ ತಂದ. ನನ್ನ ಹಲ್ಲಿನ ಸ್ಥಿತಿ ಅವನಿಗೆ ಗೊತ್ತು, ಮುಳ್ಳುಗಳನ್ನೆಲ್ಲ ತೆಗೆದಿದ್ದ. ಕೂತು ತಿನ್ನು ಎನ್ನದೆ, ಒಯ್ಯುವುದಕ್ಕೆಂದು ಮೇಲೆ ಇನ್ನೊಂದು ತಟ್ಟೆ ಮುಚ್ಚಿದ. ಆಮೇಲೆ ಹೊರಬಾಗಿಲು ತೆರೆದು, ಅದನ್ನು ನನ್ನ ಎರಡೂ ಕೈಗೆ ಕೊಟ್ಟ.