ಹನ್ನೊಂದನೆಯ ಲೋಟ

ಅಡುಗೆಮನೆಯ ಕಿಟಕಿಯ ಬಳಿ ಸೊಳ್ಳೆಪರದೆ ಹೊದಿಸಿದ ಒಂದು ಪೆಟ್ಟಿಗೆ ಇದೆ. ಒಳಗೆ ಹತ್ತು ಲೋಟ, ಲೋಟಕ್ಕೊಂದು ತುಂಡು ಬಾಳೆಹಣ್ಣು. ಕಪ್ಪು ನೊಣ, ಹಳದಿ ನೊಣ ಎರಡೂ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತವೆ. ಕಾಲೇಜಿನ ಪಾಠಕ್ಕೆಂದು ದೊಡ್ಡ ಮಗಳು ಸಾಕಿದವು. ಜ್ವರದಲ್ಲಿ ಅವಳು ಹೋಗಿ ಎಂಟು ತಿಂಗಳಾಯಿತು. ಹಣ್ಣು ಹಾಕುವುದನ್ನು ನಾನು ನಿಲ್ಲಿಸಲಿಲ್ಲ.

"ಕಪ್ಪಿನ ಮರಿಗಳು ಹೊಟ್ಟೆಬಾಕ ಅಮ್ಮ," ಎನ್ನುತ್ತಿದ್ದಳು. "ಆದ್ರೆ ಕಪ್ಪು ನೊಣ ಎಲ್ಲಾ ನಾಲ್ಕೈದು ಲೋಟಕ್ಕೇ ಮುತ್ಕೊಂಡು ಮೊಟ್ಟೆ ಇಡ್ತವೆ. ಉಳಿದಿದ್ರಲ್ಲಿ ಪಾಪ, ಹಳದಿಯವು ಬದುಕ್ಕೊಳ್ತವೆ."

ಚಿಕ್ಕವಳದ್ದು ಬೇರೆಯೇ ತಕರಾರು. "ಅಕ್ಕನ ನೊಣಕ್ಕೆ ಹಣ್ಣು, ನಂಗೆ ಸಿಪ್ಪೆನಾ?"

"ತಗೊಳೇ, ಅರ್ಧ ಇದೆಯಲ್ಲ."

"ಯಾವಾಗ್ಲೂ ಅರ್ಧನೇ!"

ಎರಡು ತಿಂಗಳ ಹಿಂದೆ, ಪಾತ್ರೆ ತಿಕ್ಕುವ ಭರದಲ್ಲಿ ಆ ಲೋಟಗಳನ್ನೂ ತೊಳೆದುಬಿಟ್ಟೆ. ಒಂದೇ ಕಡೆ ಇದ್ದರೆ ಶುಚಿ ಎಂದುಕೊಂಡು ಹಣ್ಣನ್ನೆಲ್ಲ ಒಂದು ಅಗಲವಾದ ತಟ್ಟೆಗೆ ಸುರಿದೆ. ಕಪ್ಪಿನ ಮರಿಗಳೇ ಎಲ್ಲವನ್ನೂ ತಿಂದು, ತಿಂಗಳು ತುಂಬುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಬರೀ ಕಪ್ಪು. ಅವಳು ಕೈಯಾರೆ ಸಾಕಿದ ಹಳದಿಯನ್ನು ನಾನೇ ಕೈಯಾರೆ ಕೊಂದಿದ್ದೆ.

ಅಂದಿನಿಂದ ಪಾತ್ರೆ ತೊಳೆಯಲು ನಿಂತಾಗಲೆಲ್ಲ ಬೆನ್ನ ಹಿಂದೆ ದೊಡ್ಡವಳ ಒದ್ದೆ ಕೂದಲಿನ ವಾಸನೆ. ಬೈಯುತ್ತಿರಲಿಲ್ಲ ಅವಳು, ನನ್ನ ಹೆಗಲ ಮೇಲಿಂದ ಪೆಟ್ಟಿಗೆಯನ್ನು ನೋಡುತ್ತಿದ್ದಳು, ಅಷ್ಟೆ. ನಲ್ಲಿ ನಿಲ್ಲಿಸಿ ತಿರುಗಿದರೆ ಯಾರೂ ಇಲ್ಲ.

ನಿನ್ನೆ ಮಧ್ಯಾಹ್ನ ಮಕ್ಕಳ ಕೋಣೆ ಗುಡಿಸುವಾಗ ಮಂಚದ ಕೆಳಗೆ ಪೊರಕೆಗೆ ಏನೋ ತಗುಲಿತು. ಒಂದು ಗಾಜಿನ ಲೋಟ. ಬಾಯಿಗೆ ಪರದೆ ಬಟ್ಟೆ, ದಾರ ಎರಡು ಸುತ್ತು ಸುತ್ತಿ ಹಾಕಿದ ಗಂಟು. ಅದು ದೊಡ್ಡವಳ ಗಂಟು. ಒಳಗಿನ ಹಣ್ಣು ಮಾತ್ರ ಅವತ್ತಿನದು. ಚಿಕ್ಕವಳನ್ನು ಕೂಗಿದೆ.

"ಇದಕ್ಕೆ ಹಣ್ಣು ಹಾಕ್ತಿರೋರು ಯಾರೇ?"

ಚಿಕ್ಕವಳು ಬಾಗಿಲಲ್ಲೇ ನಿಂತಳು. "ನಾನೇ. ನನ್ನ ಅರ್ಧದಲ್ಲಿ. ಬರೀ ಹಳದಿಯವು, ನೀನಿಟ್ಕೋ ಅಂತ ಅಕ್ಕ ಕೊಟ್ಟಿದ್ಲು."

"ಗಂಟು?"

"ಅಕ್ಕಂದೇ. ಬಿಚ್ಚಿದ್ರೆ ನಂಗೆ ಮತ್ತೆ ಹಾಗೆ ಹಾಕಕ್ಕೆ ಬರಲ್ಲ. ಬಟ್ಟೇಲಿ ತೂತು ಮಾಡಿ ಹಣ್ಣು ತೂರಿಸ್ತೀನಿ. ಆಮೇಲೆ ಹತ್ತಿ ತುರುಕ್ತೀನಿ."

"ನಂಗ್ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಇದನ್ನೂ ನೀನೇ ತಗೊಂಡ್ಬಿಡ್ತಿದ್ದೆ."

ಲೋಟವನ್ನು ಬೆಳಕಿಗೆ ಹಿಡಿದೆ. ಹಳದಿ ನೊಣಗಳು ಗಾಜಿನ ಮೇಲೆ ಹತ್ತುತ್ತಿದ್ದವು.

ತಟ್ಟೆ ತೆಗೆದು ಹತ್ತು ಲೋಟಗಳನ್ನು ಮತ್ತೆ ಜೋಡಿಸಿದೆವು. ಅವಳು ಹತ್ತಿ ಕಿತ್ತು, ತೂತನ್ನು ಪೆಟ್ಟಿಗೆಯೊಳಗೆ ಹಿಡಿದಳು. ಹತ್ತಿಪ್ಪತ್ತು ಹೊರಬಂದ ಮೇಲೆ "ಸಾಕು" ಎಂದು ಮುಚ್ಚಿ, ತನ್ನ ಲೋಟವನ್ನು ಮಂಚದ ಕೆಳಗೇ ಇಟ್ಟು ಬಂದಳು. ನಾನು ಬೇಡ ಎನ್ನಲಿಲ್ಲ. ಒಂದು ಇಡೀ ಹಣ್ಣು ಸುಲಿದು ಕೊಟ್ಟೆ.

ಆಮೇಲೆ ಪಾತ್ರೆ ತೊಳೆಯಲು ನಿಂತೆ. ಒದ್ದೆ ಕೂದಲಿನ ವಾಸನೆ ಬಂತು. ಈ ಸಲ ನಲ್ಲಿ ನಿಲ್ಲಿಸಲಿಲ್ಲ.