ಮೀನಿನ ತಲೆ ತಿರುಗಿದ ಕಡೆ

ಚೀನೀ ಭಾಷೆಯಲ್ಲಿ ನಾನು ಬಾಯಿಪಾಠ ಮಾಡಿದ ಅತಿ ಉದ್ದದ ಮಾತು ಇದು: "ನನ್ನ ಮಗಳಿಗೆ ಮಾರ್ಚಿನಲ್ಲಿ ಪರೀಕ್ಷೆ ಇದೆ. ದಯವಿಟ್ಟು ಅಲ್ಲಿಯವರೆಗೆ ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳಿ." ಎರಡು ವಾರ ಸ್ನಾನದ ಮನೆಯಲ್ಲಿ, ಕಂಪನಿ ಬಸ್ಸಿನಲ್ಲಿ, ಸ್ಟೋರಿನ ರ‍್ಯಾಕುಗಳ ನಡುವೆ ಅದನ್ನೇ ಹೇಳಿಕೊಂಡೆ. ಬಸ್ಸಿನಲ್ಲಿ ಪಕ್ಕದವನು ಒಮ್ಮೆ ಎದ್ದು ಬೇರೆ ಸೀಟಿಗೆ ಹೋದ.

ಅದು ಎರಡು ಸಾವಿರದ ಹದಿನಾರನೆಯ ಇಸವಿಯ ಫೆಬ್ರವರಿ. ಎಣ್ಣೆಯ ಬೆಲೆ ಬಿದ್ದು ಒಂದೂವರೆ ವರ್ಷವಾಗಿತ್ತು. ಗಲ್ಫಿನ ಸೊಹಾರಿನ ನಮ್ಮ ಸೈಟಿನಲ್ಲಿ ಅರ್ಧ ಕ್ಯಾಂಪು ಖಾಲಿಯಾಗಿತ್ತು. ನಾನು ಅಲ್ಲಿಯ ಚೀನೀ ಗುತ್ತಿಗೆ ಕಂಪನಿಯಲ್ಲಿ ಸ್ಟೋರ್‌ಕೀಪರ್. ಊರಿಗೆ ಕಳಿಸಬೇಕಾದವರ ಇನ್ನೊಂದು ಪಟ್ಟಿ ತಯಾರಾಗುತ್ತಿದೆ ಎಂಬ ಸುದ್ದಿ ಬಂದಾಗ ಎಚ್ಆರ್‌ನವರನ್ನು ಕೇಳಿದೆ. "ಅದು ಲಿಯು ಸಾಹೇಬರ ಮೇಜಿನ ಮೇಲಿದೆ. ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದರು. ಲಿಯು ನಮ್ಮ ಪ್ರಾಜೆಕ್ಟ್ ಮ್ಯಾನೇಜರ್; ಅವರ ಕೋಣೆಯ ಬಾಗಿಲು ನಮ್ಮಂಥವರಿಗೆ ತೆರೆಯುತ್ತಿರಲಿಲ್ಲ.

ಮಗಳು ಅಂಜಲಿ ಹತ್ತನೇ ತರಗತಿ. ಮೊದಲ ಪೇಪರಿಗೆ ಮೂರು ವಾರ ಉಳಿದಿತ್ತು. ಅವಳ ವೀಸಾ, ಹೆಂಡತಿ ಶೈಲಶ್ರೀಯ ವೀಸಾ ಎರಡೂ ನನ್ನ ಕೆಲಸಕ್ಕೆ ಅಂಟಿಕೊಂಡಿದ್ದವು. ನಾನು ಹೊರಟರೆ ಅವರೂ ಹೊರಡಬೇಕು. ಹತ್ತು ವರ್ಷ ಓದಿದ ಹುಡುಗಿ ಪರೀಕ್ಷೆಗೆ ಕೂರದೆ ವಿಮಾನ ಹತ್ತಬೇಕು. ಕೆಲಸ ಉಳಿಸಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮಾರ್ಚ್ ಮುಗಿಯುವವರೆಗೆ ಎಂದಷ್ಟೇ ಕೇಳಬೇಕಿತ್ತು.

ನಾನು ಚೀನೀ ಭಾಷೆ ಕಲಿಯಲು ಸೇರಿದ್ದು ಪೆಟ್ಟಿಗೆಗಳ ಮೇಲಿನ ಚೀಟಿ ಓದಲೆಂದು. ಆಫೀಸಿನ ದುಭಾಷಿ ಚೆನ್ ಮೇಡಂ ವಾರಕ್ಕೆ ಎರಡು ಸಂಜೆ ಮೆಸ್ಸಿನಲ್ಲಿ ಕ್ಲಾಸು ನಡೆಸುತ್ತಿದ್ದರು. ಮೊದಲಿಗೆ ಹದಿನೆಂಟು ಜನ ಇದ್ದೆವು. ಕೊನೆಗೆ ಉಳಿದವರು ನಾನು ಮತ್ತು ಮಂಗಳೂರಿನ ಸ್ಟ್ಯಾನಿ, ಇಬ್ಬರೇ. ನಾನು ಬಿ.ಕಾಂ. ಓದಿದ್ದೂ ಬಿಜಾಪುರದ ಸಂಜೆ ಕಾಲೇಜಿನಲ್ಲೇ. ಹಗಲು ದುಡಿದು ಸಂಜೆ ಕಲಿತದ್ದು ನನಗೆ ಎಂದೂ ಪೂರ್ತಿ ನನ್ನದು ಅನ್ನಿಸಿಲ್ಲ. ಆದರೂ ಒಂದು ಕ್ಲಾಸೂ ತಪ್ಪಿಸಿರಲಿಲ್ಲ.

ಚೀನೀ ಹೊಸ ವರ್ಷದ ಮುನ್ನಾ ಸಂಜೆಯ ಊಟಕ್ಕೆ ಮೇಡಂ ತಮ್ಮ ಇಬ್ಬರು ವಿದ್ಯಾರ್ಥಿಗಳನ್ನು ಕರೆದರು. ಲಿಯು ಕೂಡ ಬರುತ್ತಾರೆ, ಮರುದಿನ ಬೆಳಿಗ್ಗೆ ಎರಡು ವಾರಕ್ಕೆ ಊರಿಗೆ ಹೋಗುತ್ತಾರೆ ಎಂದರು. ಆಗ ನಾನು ಆ ಮಾತನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಎರಡು ತಪ್ಪು ತಿದ್ದಿ, ಉಚ್ಚಾರ ಹೇಳಿಕೊಟ್ಟು, ಆಮೇಲೆ ಪೆನ್ನು ಮುಚ್ಚಿದರು.

"ಆದರೆ ಹಬ್ಬದ ಊಟದಲ್ಲಿ ಹೇಳಬೇಡಿ. ಆ ಸಂಜೆ ಕೆಲಸ ಹೋಗುವ ಮಾತು, ಮುಗಿಯುವ ಮಾತು ಯಾರೂ ಆಡುವುದಿಲ್ಲ. ಆಡಿದ್ದು ವರ್ಷವಿಡೀ ಅಂಟಿಕೊಳ್ಳುತ್ತದೆ."

"ಮತ್ತೆ ಯಾವಾಗ ಹೇಳಲಿ ಮೇಡಂ?"

ಅವರು ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟರು.

ಹೊರಡುವಾಗ ಶೈಲಶ್ರೀ ನನ್ನ ಕಾಲರ್ ಸರಿಮಾಡಿದಳು. "ಅಲ್ಲಿ ಏನರ ತಿಂದುಗಿಂದು ಬರಬ್ಯಾಡ್ರಿ. ಕೊರಳಾಗ ಲಿಂಗ ಐತಿ ಅನ್ನೂದು ನೆನಪಿರಲಿ. ಮತ್ತ, ಕೇಳೂದು ಮರೀಬ್ಯಾಡ್ರಿ."

"ಎರಡೂ ನೆನಪೈತಿ."

"ನೀವು ಊಟ ಬಿಡ್ತೀರಿ, ಕೇಳೂದನ್ನೂ ಬಿಡ್ತೀರಿ. ನಿಮ್ಮನ್ನ ಕಂಡಿಲ್ಲೇನು ನಾನು!"

ಮೆಸ್ಸಿನಲ್ಲಿ ಕೆಂಪು ಕಾಗದದ ಪಟ್ಟಿಗಳು ತೂಗುತ್ತಿದ್ದವು. ದುಂಡು ಮೇಜಿನ ಮೇಲೆ ತಿರುಗುವ ಗಾಜಿನ ಹಲಗೆ, ಅದರ ತುಂಬ ಬಟ್ಟಲುಗಳು. ಕ್ರೇನ್ ಆಪರೇಟರೊಬ್ಬ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಮಗುವಿನ ಜೊತೆ ಮಾತಾಡುತ್ತಿದ್ದ. ಊರಿಗೆ ಹೋಗಲಾಗದವರೆಲ್ಲ ಅಲ್ಲಿದ್ದರು. ನನಗೆಂದೇ ಎಲೆಕೋಸಿನ ಕಡುಬು ಮಾಡಿಸಿದ್ದೇನೆ ಎಂದು ಮೇಡಂ ಬೇರೆ ಬಟ್ಟಲು ತೋರಿಸಿದರು.

ಲಿಯು ಬಂದು ನನ್ನ ತೋಳು ಹಿಡಿದು ಬಾಗಿಲಿಗೆ ಎದುರಾದ ಕುರ್ಚಿಯಲ್ಲಿ ಕೂರಿಸಿದರು. ಕೊನೆಗೆ ಬಂದದ್ದು ಇಡಿಯಾಗಿ ಬೇಯಿಸಿದ ದೊಡ್ಡ ಮೀನು. ಲಿಯು ತಾವೇ ಗಾಜಿನ ಹಲಗೆ ತಿರುಗಿಸಿದರು. ಮೀನಿನ ತಲೆ ನನ್ನ ಮುಂದೆ ಬಂದು ನಿಂತಿತು. ಎಲ್ಲರೂ ಊಟದ ಕಡ್ಡಿ ಹಿಡಿದು ನನ್ನನ್ನೇ ನೋಡಿದರು.

"ತಲೆ ಯಾರ ಕಡೆಗಿದೆಯೋ ಅವರೇ ಇಂದಿನ ದೊಡ್ಡ ಅತಿಥಿ" ಎಂದರು ಮೇಡಂ ಮೆಲ್ಲಗೆ. "ಮೊದಲು ನೀವು ಮುಟ್ಟಬೇಕು. ಅಲ್ಲಿಯವರೆಗೆ ಯಾರೂ ಊಟ ಶುರು ಮಾಡುವುದಿಲ್ಲ."

ನನ್ನ ಎದೆಯಲ್ಲಿ ಒಂದು ಸಣ್ಣ ಸಂತೋಷ ಎದ್ದಿತು. ಕಳಿಸಬೇಕೆಂದಿರುವವನಿಗೆ ಯಾರಾದರೂ ಇಷ್ಟು ಗೌರವ ಕೊಡುತ್ತಾರೆಯೇ? ಅದರ ಹಿಂದೆಯೇ ಹೆದರಿಕೆ. ಹುಟ್ಟಿದಾಗಿನಿಂದ ನಾನು ಮೀನು ಮುಟ್ಟಿದವನಲ್ಲ.

"ನನ್ನ ಬದಲು ನೀನು ಶುರು ಮಾಡೋ ಸ್ಟ್ಯಾನಿ" ಎಂದೆ.

"ನನ್ನ ಕಡೆ ಬಾಲ ಉಂಟು ಮಾರಾಯ್ರೆ. ಹೆದರುವುದು ಯಾಕೆ? ಅದು ಬೆಂದಿದೆ, ನಿಮ್ಮನ್ನು ಕಚ್ಚುವುದಿಲ್ಲ."

ಬಟ್ಟಲುಗಳ ಆವಿ ಕಡಿಮೆಯಾಗುತ್ತಿತ್ತು. ಕ್ರೇನ್ ಆಪರೇಟರ್ ಫೋನಿನಲ್ಲಿದ್ದ ಮಗುವಿಗೆ ನನ್ನನ್ನು ತೋರಿಸುತ್ತಿದ್ದ. ಊಟದಲ್ಲಿ ಹಿರಿಯರಿಗೆ ಮೊದಲ ತುಂಡು ಬಡಿಸುವ ಪದ್ಧತಿ ಎಂದು ಕ್ಲಾಸಿನಲ್ಲಿ ಕೇಳಿದ್ದು ನೆನಪಾಯಿತು. ಕಡ್ಡಿಯಿಂದ ಒಂದು ಎಳೆ ಮೀನು ಎತ್ತಿದೆ. ಅದು ಮೇಜಿನ ಮೇಲೆ ಬಿತ್ತು. ಎರಡನೆಯದನ್ನು ಲಿಯು ಅವರ ಬಟ್ಟಲಿಗೆ ಹಾಕಿದೆ. ಎಲ್ಲರೂ ಹೋ ಎಂದು ಕೂಗಿ ಊಟಕ್ಕೆ ಬಿದ್ದರು. ಮೀನು ತಾಗಿದ ಕಡ್ಡಿಯಿಂದ ಕಡುಬು ತಿನ್ನಲಾಗಲಿಲ್ಲ. ಬೇರೆ ಕೇಳಿದರೆ ಅವಮಾನ ಅಂದುಕೊಂಡಾರೆಂದು ಸುಮ್ಮನೆ ಕೂತೆ.

ಸ್ವಲ್ಪ ಹೊತ್ತಿಗೆ ಲಿಯು ಗ್ಲಾಸು ಹಿಡಿದು ನನ್ನೆದುರು ನಿಂತರು. ನಾನೂ ಎದ್ದು ಚಹಾದ ಲೋಟ ಎತ್ತಿದೆ. ಅವರು ನಿಧಾನವಾಗಿ ನಾಲ್ಕು ಮಾತು ಆಡಿದರು. ಮೇಡಂ ಇಂಗ್ಲಿಷಿಗೆ ತಿರುಗಿಸಿದರು: "ಮೂರು ವರ್ಷ ನಿಮ್ಮ ಸ್ಟೋರಿನಲ್ಲಿ ಒಂದು ಬೋಲ್ಟೂ ಕಾಣೆಯಾಗಲಿಲ್ಲ. ಥ್ಯಾಂಕ್ಸ್. ವರ್ಷವಿಡೀ ಕ್ಷೇಮವಾಗಿರಿ."

ಆದರೆ ಲಿಯು ಕೊನೆಯಲ್ಲಿ ಹೇಳಿದ್ದು ವರ್ಷದ ಮಾತಲ್ಲ. "ಯಿ ಲು ಪಿಂಗ್ ಆನ್" ಎಂದಿದ್ದರು. ಆರನೆಯ ಪಾಠ. ದಾರಿಯುದ್ದಕ್ಕೂ ಕ್ಷೇಮವಾಗಿರಲಿ ಎಂದು ಊರಿಗೆ ಹೊರಟವರಿಗೆ ಹೇಳುವ ಮಾತು. ಅದನ್ನು ಹತ್ತು ಸಲ ಬರೆಸಿದ್ದೂ ಚೆನ್ ಮೇಡಮ್ಮೇ. ನಾನು ಅವರ ಕಡೆ ನೋಡಿದೆ. ಅವರು ಕಣ್ಣು ತಗ್ಗಿಸಿದರು.

ಪಟ್ಟಿ ಆಗಿಹೋಗಿತ್ತು. ನನ್ನನ್ನು ಆ ಗೌರವದ ಕುರ್ಚಿಯಲ್ಲಿ ಕೂರಿಸಿದ್ದು ಬೀಳ್ಕೊಡಲೆಂದೇ.

ಹಬ್ಬದ ದಿನ ಆಡಬಾರದು ಎಂದು ಗೊತ್ತಿದ್ದೂ ನಾನು ಆಡಿಬಿಟ್ಟೆ. ಮಗಳಿಗೆ ಮಾರ್ಚಿನಲ್ಲಿ ಪರೀಕ್ಷೆ ಇದೆ, ಅಲ್ಲಿಯವರೆಗೆ ಇಟ್ಟುಕೊಳ್ಳಿ. ಒಂದೇ ಉಸಿರಿಗೆ, ಎಲ್ಲೂ ತಡವರಿಸದೆ. ಅಷ್ಟು ಚೆನ್ನಾಗಿ ನಾನು ಕ್ಲಾಸಿನಲ್ಲಿ ಕೂಡ ಹೇಳಿರಲಿಲ್ಲ.

ಲಿಯು ಅವರಿಗೆ ಅರ್ಥವಾಗಿತ್ತು. ತುಟಿಯ ಹತ್ತಿರ ಹೋಗಿದ್ದ ಗ್ಲಾಸು ಅಲ್ಲೇ ನಿಂತಿತು. ಆಮೇಲೆ ಅವರು ದೊಡ್ಡದಾಗಿ ನಕ್ಕು, ನನ್ನ ಬೆನ್ನು ತಟ್ಟಿ, ಎಲ್ಲರ ಕಡೆ ತಿರುಗಿ ಏನೋ ಹೇಳಿದರು. ಇಡೀ ಮೇಜು ಚಪ್ಪಾಳೆ ತಟ್ಟಿತು.

"ನಿಮ್ಮ ಚೀನೀ ಭಾಷೆ ಬಹಳ ಚೆನ್ನಾಗಿದೆಯಂತೆ" ಎಂದರು ಮೇಡಂ. ಅವರ ಧ್ವನಿ ಸಣ್ಣದಾಗಿತ್ತು.

ನಾನು ಕೈ ಮುಗಿದೆ.

ಸ್ಟ್ಯಾನಿ ಕಾರಿನಲ್ಲಿ ಮನೆಯವರೆಗೆ ಬಿಟ್ಟ. ನಾನು ಇಳಿಯುವಾಗ, "ನೀವು ಕೇಳಿದಿರಲ್ಲ, ನನ್ನಿಂದ ಅದೂ ಆಗುತ್ತಿರಲಿಲ್ಲ" ಎಂದ.

ಎಂಟೂವರೆಯಾಗಿತ್ತು. ಶೈಲಶ್ರೀ ಬಾಗಿಲು ತೆಗೆದವಳೇ, "ಕೇಳಿದ್ರೇನು?" ಎಂದಳು.

"ಕೇಳಿದೆ."

"ಏನಂದ್ರು?"

"ಭಾಷಾ ಚಲೋ ಐತಿ ಅಂದ್ರು."

ಅವಳು ನನ್ನ ಮುಖವನ್ನೇ ನೋಡಿದಳು. ರೊಟ್ಟಿ ಬಿಸಿ ಮಾಡಲು ಒಳಗೆ ಹೋದಳು.

ಅಂಜಲಿಯ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಹೇಳಿಬಿಡಬೇಕು, ಬೇರೆ ಯಾರ ಬಾಯಿಂದಲಾದರೂ ತಿಳಿಯುವ ಮೊದಲು ನಾನೇ ಹೇಳಬೇಕು ಎಂದು ಬಾಗಿಲಿಗೆ ಹೋದೆ. ಅವಳು ಮಾದರಿ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಫೋನು ಸೆಕೆಂಡು ಎಣಿಸುತ್ತಿತ್ತು.

"ಪ್ಲೀಸ್ ಅಪ್ಪಾ, ಡೋಂಟ್ ಟಾಕ್" ಎಂದಳು ತಲೆ ಎತ್ತದೆ. "ಇನ್ನೂ ಟ್ವೆಂಟಿ ಮಿನಿಟ್ಸ್ ಇದೆ."

ನಾನು ಚೌಕಟ್ಟು ಹಿಡಿದುಕೊಂಡು, ಅವಳ ಇಪ್ಪತ್ತು ನಿಮಿಷ ಮುಗಿಯದಿರಲಿ ಎಂದುಕೊಳ್ಳುತ್ತ ಅಲ್ಲೇ ನಿಂತೆ.